ಹಾಲು ಉಕ್ಕುವ ಮೊದಲು

ಗಂಡನ ಅಣ್ಣನಾದ ಭಾವ ತಂದು ನಿಲ್ಲಿಸಿದ್ದ ದೊಡ್ಡ ಫೋಟೊವನ್ನು ಅವಳು ಎರಡೂ ಕೈಯಿಂದ ಹಿಡಿದು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ಫೋಟೊದ ಮರದ ಕಟ್ಟು ಭಾರವಾಗಿತ್ತು, ಅದರ ಮೂಲೆ ನೆಲಕ್ಕೆ ಉಜ್ಜಿ ಕಿರ್ರೆಂದಿತು. ಫೋಟೊದಲ್ಲಿ ಆರೇಳು ವರ್ಷದ ಹುಡುಗನೊಬ್ಬ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿ ಅರ್ಧ ತೆರೆದು, ಪಾತ್ರೆಯೊಳಗೆ ಏರಿ ಬರುತ್ತಿದ್ದ ಹಾಲನ್ನು ನೋಡುತ್ತಿದ್ದ. ಪಕ್ಕದ ಮರದ ಪೆಟ್ಟಿಗೆಯಲ್ಲಿ ಮಲಗಿದ್ದವನೂ ಅವನೇ. ನಡುವೆ ಒಂದು ಇಡೀ ಆಯುಷ್ಯ ಕಳೆದುಹೋಗಿತ್ತು, ಅಷ್ಟೆ.

"ಅದು ಹಾಗೇ ಇರ್ಲಮ್ಮಾ," ಅಂದರು ಭಾವ. "ಬಂದವರು ಗುರುತು ಹಿಡೀಬೇಡ್ವಾ?"

"ಬರೋರೆಲ್ಲ ಇದೇ ಬೀದಿಯವರು ಭಾವ. ಅವರಿಗೆ ಗುರುತು ಸಿಗೋಕೆ ಒಲೆ, ಪಾತ್ರೆ ಬೇಕಾಗಿಲ್ಲ."

ಅವಳು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಫೋಟೊ ಮತ್ತೆ ಮುಂದಕ್ಕೆ ತಿರುಗಿತ್ತು. ಅವಳು ಮತ್ತೆ ಗೋಡೆಗೆ ತಿರುಗಿಸಿದಳು. ಜಗಳವಾಡಲು ಮೈಯಲ್ಲಿ ಶಕ್ತಿ ಇರಲಿಲ್ಲ, ಬಿಟ್ಟುಕೊಡಲು ಮನಸ್ಸೂ ಇರಲಿಲ್ಲ. ಇದ್ದಾಗ ಅದು ಬೇಕು ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ ಮನುಷ್ಯನಲ್ಲ ಆಕೆಯ ಗಂಡ. ಕೇಳಿದ್ದು ಒಂದೇ. ತಾನು ಹೋದ ದಿನ, ಆ ಒಂದು ದಿನ ಮಾತ್ರ, ಯಾರೂ ಆ ಮಾತನ್ನು ಆಡಬಾರದು.

ಆ ಮಾತು ಯಾವುದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಸಿನಿಮಾ ನೋಡದ ಮನೆಯೇ ಇರಲಿಲ್ಲ. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಸಾಲಾಗಿ ಕೂತು ನೋಡುವಂಥ ಚಿತ್ರ ಎಂದು ಅದಕ್ಕೆ ಹೆಸರು. ಅದರಲ್ಲಿ ಮನೆಯ ಕಿರಿಯ ಮಗನಿಗೆ ತೊದಲು. ಹಾಲು ನೋಡಿಕೋ ಎಂದು ಹೇಳಿ ತಾಯಿ ಹಿತ್ತಲಿಗೆ ಹೋಗುತ್ತಾಳೆ. ಹಾಲು ಏರುತ್ತದೆ. ಹುಡುಗ 'ಹ... ಹ... ಹ...' ಎನ್ನುತ್ತಾನೆ. ಪೇಪರು ಓದುತ್ತಿದ್ದ ಅಪ್ಪ, ಮಗ ತನ್ನನ್ನು ನೋಡಿ ನಗುತ್ತಿದ್ದಾನೆಂದು ತಿಳಿದು, "ಏನೋ ನಗು ನಿಂಗೆ?" ಎಂದು ತಲೆಯ ಹಿಂದೆ ಫಟ್ಟನೆ ಒಂದು ಬಾರಿಸುತ್ತಾನೆ. ಏಟಿಗೆ ಮಾತು ಪುಟಕ್ಕನೆ ಹೊರಗೆ ಬೀಳುತ್ತದೆ: "ಹಾಲು ಉಕ್ತು!" ಅಷ್ಟು ಹೊತ್ತಿಗೆ ಹಾಲೆಲ್ಲ ನೆಲದ ಮೇಲೆ. ಥಿಯೇಟರಿನಲ್ಲಿ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ತಮಾಷೆಯೆಂದರೆ, ಅವರ ನಗುವೂ ಆ ಹುಡುಗನ ತೊದಲೂ ಕೇಳುವುದಕ್ಕೆ ಒಂದೇ ತರ ಇದ್ದವು.

ಆ ಹುಡುಗನ ಪಾತ್ರ ಮಾಡಿದ ಅವಳ ಗಂಡ ಅಂದಿನಿಂದ ಹಹಹಾಲು. ಶಾಲೆಯಲ್ಲಿ, ಬೀದಿಯಲ್ಲಿ, ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ, ಎಲ್ಲ ಕಡೆಯೂ. ಬರೀ ಹೆಸರಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅವನ ನಾಲಿಗೆ ಎಲ್ಲೇ ತಡವರಿಸಲಿ, ಪ್ರೀತಿಯಿಂದಲೇ ಯಾರಾದರೂ ಹಿಂದಿನಿಂದ ಬಂದು ತಲೆಗೊಂದು ತಟ್ಟುತ್ತಿದ್ದರು. ಮಾತು ಬರಲಿ ಎಂದು.

*

ಅವಳು ಅವನನ್ನು ಮೊದಲು ನೋಡಿದ್ದು ಒಡೆದ ಕನ್ನಡಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಅಂಗಡಿಗೆ ಹೋದಾಗ. ಗಾಜು ಕತ್ತರಿಸುವುದು, ಫೋಟೊಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅಳತೆಯನ್ನು ರಟ್ಟಿನ ಚೂರಿನ ಮೇಲೆ ಬರೆದು ತೋರಿಸುತ್ತಿದ್ದ. ಗಿರಾಕಿ ಹೂಂ ಅಂದರೆ ಕೆಲಸ ಶುರು. ದಿನವಿಡೀ ಬಾಯಿ ತೆರೆಯದೆ ಬದುಕಬಹುದಾದ ಕಸುಬನ್ನು ಅವನು ಹುಡುಕಿ ಹುಡುಕಿ ಹಿಡಿದಿದ್ದ.

ಮದುವೆಯ ಮಾತು ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಅದನ್ನು ಕೇಳಿ ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಸಿನಿಮಾ ನೋಡಿ ನಕ್ಕಿದ್ಯಾ? ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಅವಳು ನಕ್ಕಿದ್ದೆ ಅಂದಳು. ಅವನು ತಲೆಯಾಡಿಸಿದ. ಅವನ ಹತ್ತಿರ ಅಲ್ಲಿಯವರೆಗೆ ಎಲ್ಲರೂ ಸುಳ್ಳೇ ಹೇಳಿದ್ದರಂತೆ.

ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳು ಹಿಂದಿನಿಂದ ಅವನ ತಲೆಗೂದಲಿಗೆ ಕೈ ಹಾಕಿದಳು. ಅವನು ಕುಗ್ಗಿ ಮೇಜಿನ ಮೇಲೆ ಮುಖವಿಟ್ಟುಬಿಟ್ಟ. ಆಮೇಲೆ ಅವಳು ಹಾಗೆ ಮಾಡಲಿಲ್ಲ. ಆ ಮನೆಯಲ್ಲಿ ಹಾಲು ಅನ್ನುವ ಪದವೇ ಹುಟ್ಟಲಿಲ್ಲ. ಹಾಲಿಗೆ ಬಿಳೀದು ಎಂದು ಹೆಸರು. ಮನೆಯ ಹಾಲ್ ಕೂಡ ಮುಂದಿನ ಕೋಣೆಯಾಯಿತು. ಮಗಳು ಶಾಲೆಗೆ ಸೇರಿದ ಹೊಸದರಲ್ಲಿ ನನಗೆ ಬಿಳೀದು ಬೇಕು ಎಂದು ಕೇಳಿ ಎಲ್ಲರಿಂದ ನಗಿಸಿಕೊಂಡು ಬಂದಿದ್ದಳು. ಆ ದಿನ ಅವನು ಊಟ ಮಾಡಲಿಲ್ಲ. ತನ್ನ ಪಾಲಿನ ನಗು ಮಗಳಿಗೂ ಹಂಚಿಹೋಯಿತಲ್ಲ ಎಂಬುದು ಅವನ ಸಂಕಟ.

*

ಈಗ ಅದೇ ಮಗಳು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಮೆಲ್ಲಗೆ ಹೇಳುತ್ತಿದ್ದಳು: ಇವತ್ತೊಂದು ದಿನ ಆ ಮಾತು ಬೇಡ, ಅಪ್ಪನ ಆಸೆ. ಬಂದವರು ಛೆ ಛೆ, ಖಂಡಿತ ಇಲ್ಲ ಎನ್ನುತ್ತ ಒಳಗೆ ಬಂದು, ಪೆಟ್ಟಿಗೆಯ ಪಕ್ಕ ನಿಂತು, ಬಾಯಿಗೆ ಬೀಗ ಹಾಕಿಕೊಂಡರು. ಆ ಒಂದು ಮಾತು ಬಿಟ್ಟರೆ ಅವನ ಬಗ್ಗೆ ಆಡಲು ಅವರ ಹತ್ತಿರ ಬೇರೆ ಮಾತೇ ಇರಲಿಲ್ಲ. ಅವರೆಲ್ಲರ ಮನೆಯ ಗೋಡೆಯ ಮೇಲೂ ಅವನು ಹಾಕಿದ ಕಟ್ಟು, ಅವನು ಕತ್ತರಿಸಿದ ಗಾಜು. ಅದನ್ನು ಒಬ್ಬರಾದರೂ ನೆನೆಸಿಕೊಳ್ಳಬಹುದಿತ್ತು. ಪಕ್ಕದ ಮನೆಯ ದರ್ಜಿ ಮಾತ್ರ ಮೌನ ತಾಳಲಾರದೆ, "ಹಾಲಿನಂಥ ಮನಸ್ಸು..." ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, ಕೆಮ್ಮುವ ನೆಪ ಮಾಡಿ ಹೊರಗೆ ಹೋದ. ಹೊರಗೆ ಯಾರೋ ಮೂಗಿನಲ್ಲಿ ನಕ್ಕರು.

ಅವಳಿಗೆ ಅದು ಕೇಳಿಸಿತು. ಇಂಥದ್ದು ಕೇಳಿಸಿಕೊಳ್ಳಲು ಅವಳ ಕಿವಿ ಪಳಗಿತ್ತು.

ಗುಂಡಿಯ ಹತ್ತಿರ ಭಾವ ಮಾತಾಡಿದರು. ಮಾತಾಡುವ ಅವಕಾಶವನ್ನು ಅವರು ಎಂದೂ ಬಿಟ್ಟವರಲ್ಲ. ತಮ್ಮನ ಸಿನಿಮಾದ ಹೆಸರು ಹೇಳಿಕೊಂಡು ಅವರು ಸಭೆ ಸಮಾರಂಭ ತಿರುಗಿದ್ದರು, ಶಾಲುಗಳನ್ನು ಹೊದ್ದಿದ್ದರು, ಬಾಡಿಗೆ ಮನೆಯ ಬಾಡಿಗೆ ಕೂಡ ಕಡಿಮೆ ಮಾಡಿಸಿಕೊಂಡಿದ್ದರು. ಇಂದು ಅವರು ಆ ಮಾತನ್ನು ಆಡಲಿಲ್ಲ, ಸತ್ಯ. ಇಡೀ ನಾಡನ್ನು ನಗಿಸಿದ ಮಾತು ಎಂದರು, ನಿಮಗೆಲ್ಲ ಗೊತ್ತಿರುವ ಆ ಮಾತು ಎಂದರು, ಸುತ್ತಿ ಸುತ್ತಿ ಅದರ ಬಾಗಿಲಿಗೇ ಬಂದು ನಿಂತರು. ಹತ್ತಾರು ತುಟಿಗಳು ಸದ್ದಿಲ್ಲದೆ ಅದನ್ನು ಆಡಿದ್ದನ್ನು ಅವಳು ಕಂಡಳು.

"ನನ್ನ ತಮ್ಮನಿಗೆ ಹುಟ್ಟಿದಾಗಿಂದ ನಾಲಿಗೆ ತಡವರಿಸ್ತಿತ್ತು," ಅಂದರು ಭಾವ. "ದೇವರು ಕೊಟ್ಟ ಕೊರತೆನೇ ಅವನಿಗೆ ವರ ಆಯ್ತು."

ಅವಳು ಹಿಡಿ ಮಣ್ಣನ್ನು ಕೈಯಲ್ಲಿ ಹಿಸುಕಿ ಹಿಡಿದಿದ್ದಳು. ಅದನ್ನು ಗುಂಡಿಗೆ ಹಾಕುವುದಕ್ಕಿಂತ ಆ ಬಾಯಿಗೆ ಹಾಕಬೇಕೆನ್ನಿಸಿತು. ಗುಂಡಿಗೇ ಹಾಕಿದಳು.

*

ಹುಟ್ಟಿದಾಗಿಂದ ಅಲ್ಲ. ಅದನ್ನು ಅವಳಿಗೆ ಹೇಳಿದ್ದು ಅತ್ತೆ, ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ, ಬೆನ್ನು ಒರೆಸಿಕೊಳ್ಳುತ್ತ.

"ನನ್ನ ಕಿರಿಯವನು ಅರಳು ಹುರಿದ ಹಾಗೆ ಮಾತಾಡ್ತಿದ್ದ ಕಣೇ. ಯಾರ ಹತ್ರನೂ ಹೇಳ್ಬೇಡ."

ಸಿನಿಮಾದವರಿಗೆ ತೊದಲುವ ಹುಡುಗ ಬೇಕು ಎಂಬ ಸುದ್ದಿ ದೊಡ್ಡ ಮಗನ ಕಿವಿಗೆ ಬಿತ್ತು. ಆಗವನಿಗೆ ಮೀಸೆ ಚಿಗುರುವ ವಯಸ್ಸು, ಹೇಗಾದರೂ ಮಾಡಿ ಸ್ಟುಡಿಯೊದ ಗೇಟು ದಾಟಬೇಕೆಂಬ ಹುಚ್ಚು. ತಮ್ಮನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಶುರು ಮಾಡಿದ. ಹಾಲು ಅನ್ನು ನೋಡೋಣ. ತಡವರಿಸಿದರೆ ಬಾಯಿಗೆ ಮಿಠಾಯಿ, ಸರಿಯಾಗಿ ಅಂದರೆ ತಲೆಯ ಹಿಂದೆ ಏಟು. ಹುಡುಗ ಜಾಣ, ಬೇಗ ಕಲಿತ. ಸಿನಿಮಾದವರು ನೋಡಿ, ಎಂಥ ಸಹಜ ಎಂದು ಬೆರಗಾದರು. ಸಿನಿಮಾ ಮುಗಿಯಿತು, ಪಾಠ ಮಾತ್ರ ನಾಲಿಗೆ ಬಿಟ್ಟು ಇಳಿಯಲಿಲ್ಲ.

ಅತ್ತೆ ಅತ್ತಳು. ಏಟಿನ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತಂತೆ. ಮನೆಗೆ ಒಳ್ಳೆಯದಾಗುತ್ತದೆ ಎಂದುಕೊಂಡು ಸುಮ್ಮನಿದ್ದಳಂತೆ. ಅವಳು ಅತ್ತೆಯ ಬೆನ್ನು ಒರೆಸಿ ಮುಗಿಸಿದಳು. ಗಂಡನನ್ನು ಕೇಳಿದ್ದಕ್ಕೆ ಅವನು ಗಾಜಿನ ಪುಡಿ ಗುಡಿಸುತ್ತಲೇ, ಬಿ-ಬಿಡು, ಅಣ್ಣ ಅಲ್ವಾ, ಅಂದ. ಅವಳು ಬಿಟ್ಟಳು. ಅವನಿಗಾಗಿ ಬಿಟ್ಟಳು. ಒಳಗೆ ಅದು ಆರಲಿಲ್ಲ.

*

ಸ್ಮಶಾನದಿಂದ ಎಲ್ಲರೂ ಹಿಂದಿರುಗಿ, ಮುಂದಿನ ಕೋಣೆಯಲ್ಲಿ ಉಳಿದವರು ಕೆಲವೇ ಜನ. ಭಾವ, ಮಗಳು, ದರ್ಜಿ ಮತ್ತು ಸಿನಿಮಾ ಕಂಪನಿಯ ಮನುಷ್ಯ. ಅವನು ದೊಡ್ಡದೊಂದು ಹೂವಿನ ಗುಚ್ಛ ತಂದಿದ್ದ, ಅದರ ಜೊತೆಗೆ ಒಂದು ಡಿಸ್ಕನ್ನೂ. ಡಿಸ್ಕಿನ ಡಬ್ಬಿಯ ಮೇಲೆ ಅದೇ ಹುಡುಗ, ಅದೇ ಪಾತ್ರೆ, ಕೆಳಗೆ 'ಇಡೀ ಕುಟುಂಬಕ್ಕೆ, ಹೊಸ ರೂಪದಲ್ಲಿ' ಎಂದು ಅಚ್ಚಾಗಿತ್ತು.

ಇವನನ್ನು ಅವಳು ಬಲ್ಲಳು. ಕೆಲವು ತಿಂಗಳ ಹಿಂದೆ ಅಂಗಡಿಗೆ ಬಂದಿದ್ದ. ಮಾತು ಬಾರದ ಮಗುವನ್ನು ಹೊಡೆದು ಜನರನ್ನು ನಗಿಸುತ್ತಾರೆ ಎಂದು ಹೊಸ ಕಾಲದ ಜನ ತಕರಾರು ತೆಗೆದು, ಪತ್ರಿಕೆಗಳಲ್ಲಿ ರಂಪವಾಗಿ, ಚಿತ್ರ ಅಂಗಡಿಗಳಿಂದ ಮಾಯವಾಗಿತ್ತು. ಮನೆಯಲ್ಲಿ ಕೂತು ನೋಡುವ ಡಿಸ್ಕಾಗಿ ಅದನ್ನು ಮತ್ತೆ ತರಬೇಕು, ನೀವು ಕ್ಯಾಮೆರಾ ಮುಂದೆ ನಕ್ಕು, ನನಗೇನೂ ಬೇಜಾರಿಲ್ಲ ಅಂದರೆ ಸಾಕು ಎಂದು ಕೇಳಿದ್ದ. ಗಂಡ ರಟ್ಟಿನ ಮೇಲೆ 'ಇಲ್ಲ' ಎಂದು ಬರೆದು ತೋರಿಸಿದ. ಅವನ ಬದಲು ನಕ್ಕು ಬಂದವರು ಭಾವ. ಆ ಸಂಜೆಯೇ ಗಂಡ ಅವಳ ಹತ್ತಿರ ತನ್ನ ಒಂದೇ ಒಂದು ಕೋರಿಕೆಯನ್ನು ಹೇಳಿಕೊಂಡದ್ದು.

"ಹಾಕಿ ನೋಡೋಣ," ಅಂದರು ಭಾವ. "ಅವನ ಕೊನೇ ದಿನ. ಅವನನ್ನೇ ನೋಡಿದ ಹಾಗಾಗುತ್ತೆ."

ಅವಳು ಬೇಡ ಅನ್ನುವಷ್ಟರಲ್ಲಿ ಕಂಪನಿಯವನು ಮೃದುವಾಗಿ ಹೇಳಿದ: "ನೀವು ಹೆದರೋ ಅಂಥದ್ದು ಏನೂ ಇಲ್ಲಮ್ಮ. ತೊದಲನ್ನ ಪೂರ್ತಿ ತೆಗೆದ್ಬಿಟ್ಟಿದ್ದೀವಿ. ಬೇರೆ ಮಗು ಕೈಲಿ ಹೊಸದಾಗಿ ಮಾತಾಡಿಸಿದ್ದೀವಿ. ಈಗ ಯಾರ ಮನಸ್ಸಿಗೂ ನೋವಾಗಲ್ಲ."

ಅವಳು ಗೋಡೆಗೆ ಒರಗಿ ಕೂತಳು. ಭಾವ ಡಿಸ್ಕು ಹಾಕಿ, ರಿಮೋಟು ಒತ್ತಿ, ನೇರವಾಗಿ ಆ ದೃಶ್ಯಕ್ಕೇ ಹೋದರು. ಅದು ಎಲ್ಲಿದೆ ಎಂದು ಅವರ ಬೆರಳಿಗೆ ಗೊತ್ತಿತ್ತು.

ಒಲೆ. ಪಾತ್ರೆ. ಕುಕ್ಕರಗಾಲಲ್ಲಿ ಹುಡುಗ. ಚಿತ್ರ ತೊಳೆದಿಟ್ಟಂತೆ ನಿಚ್ಚಳವಾಗಿತ್ತು, ಅವನ ಕಿವಿಯ ಹಿಂದಿನ ಮಚ್ಚೆಯೂ ಕಾಣಿಸುತ್ತಿತ್ತು. ಆ ಮಚ್ಚೆಯನ್ನು ಅವಳು ಬೆಳಿಗ್ಗೆ ತಾನೇ ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಹಾಲು ಏರತೊಡಗಿತು. ಹುಡುಗ ಬಾಯಿ ತೆರೆದ.

"ಅಪ್ಪ, ಹಾಲು ಉಕ್ತಾ ಇದೆ," ಎಂದಿತು ಯಾವುದೋ ಮಗುವಿನ ದನಿ, ಸ್ವಚ್ಛವಾಗಿ, ಮುದ್ದಾಗಿ. ಆ ಮನೆಯೊಳಗೆ ಆ ಪದವನ್ನು ಯಾರಾದರೂ ನಾಲಿಗೆ ಕಚ್ಚಿಕೊಳ್ಳದೆ ಆಡಿದ್ದು ಅದೇ ಮೊದಲು.

ದನಿ ಮುಗಿದುಹೋಗಿತ್ತು, ತುಟಿಗಳು ಮುಗಿಸಿರಲಿಲ್ಲ. ಅವು ಸದ್ದಿಲ್ಲದೆ ಇನ್ನೂ ಒದ್ದಾಡುತ್ತಿದ್ದವು. ಪೇಪರಿನ ಹಿಂದಿನಿಂದ ಅಪ್ಪ ಎದ್ದು ಬಂದ. "ಏನೋ ನಗು ನಿಂಗೆ?" ಎಂದ. ತಲೆಯ ಹಿಂದೆ ಫಟ್ಟನೆ ಏಟು ಬಿತ್ತು. ಹಾಲು ಉಕ್ಕಿ ನೆಲಕ್ಕೆ ಹರಿಯಿತು.

ಭಾವ ಅಭ್ಯಾಸದಂತೆ ಆ ಜಾಗಕ್ಕೆ ಸರಿಯಾಗಿ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ದರ್ಜಿ ಕೂಡ ನಗಲಿಲ್ಲ.

ಮಗಳ ಹುಬ್ಬು ಗಂಟಾಗಿತ್ತು. ಅವಳಿಗೆ ಅಜ್ಜಿಯ ಮಾತು ಗೊತ್ತಿರಲಿಲ್ಲ. "ಅವನು ಸರಿಯಾಗೇ ಹೇಳಿದ್ನಲ್ಲ," ಅಂದಳು. "ಮತ್ಯಾಕೆ ಹೊಡೆದದ್ದು?"

ಕಂಪನಿಯವನು ವಿವರಿಸಿದ. ಏಟೂ ಹಾಲೂ ಒಂದೇ ಶಾಟಿನಲ್ಲಿವೆ, ಕತ್ತರಿಸಿದರೆ ಎರಡೂ ಹೋಗುತ್ತವೆ. ಅಪ್ಪನ ಪಾತ್ರ ಮಾಡಿದವರು ದೊಡ್ಡ ಕಲಾವಿದರು, ಅವರ ದನಿ ಮುಟ್ಟುವಂತಿಲ್ಲ. ಹಾಗಾಗಿ ಕಾರಣವಿಲ್ಲದೆ ಹೊಡೆದಂತೆ ಕಾಣುತ್ತದೆ, ಸಣ್ಣ ದೋಷ, ಜನ ಗಮನಿಸುವುದಿಲ್ಲ.

"ಕಾರಣ ಇದೆ," ಅಂದಳು ಅವಳು. "ಸರಿಯಾಗಿ ಹೇಳಿದ್ದಕ್ಕೇ ಹೊಡೆದದ್ದು. ಅಲ್ವಾ ಭಾವ?"

ಭಾವ ತಿರುಗಿ ನೋಡಿದರು. ಅವರ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅದು ಹೋಗಲು ದಾರಿ ಕಾಣದೆ ಅಲ್ಲೇ ನಿಂತಿತ್ತು. ಮಗಳು ದೊಡ್ಡಪ್ಪನನ್ನೇ ನೋಡುತ್ತಿದ್ದಳು. ಅವರು ರಿಮೋಟು ಹಿಡಿದಿದ್ದ ತಮ್ಮ ಬಲಗೈಯನ್ನು ನೋಡಿಕೊಂಡರು.

ಅವಳು ಎದ್ದು ಹೋಗಿ ಆ ಕೈಯಿಂದ ರಿಮೋಟು ಬಿಡಿಸಿಕೊಂಡಳು. ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ನೆಲದ ಮೇಲೆ ಹರಡಿದ್ದ ಹಾಲು ಮೆಲ್ಲಗೆ ಸರಿದು ಒಲೆಯ ಮೇಲೇರಿ ಪಾತ್ರೆಯೊಳಕ್ಕೆ ಇಳಿಯಿತು. ಹುಡುಗನ ತಲೆಯ ಹಿಂದಿನಿಂದ ದೊಡ್ಡ ಕೈ ದೂರ ಸರಿದು, ಹಿಂದೆ ಹಿಂದೆ ಹೋಗಿ, ಪೇಪರಿನ ಮರೆಗೆ ಸೇರಿಕೊಂಡಿತು. ಒದ್ದಾಡುತ್ತಿದ್ದ ತುಟಿಗಳು ಒಂದನ್ನೊಂದು ಕೂಡಿದವು. ಅವಳು ಅಲ್ಲಿಗೆ ನಿಲ್ಲಿಸಿದಳು. ಹುಡುಗ ಬಾಯಿ ಮುಚ್ಚಿಕೊಂಡು ಕೂತಿದ್ದ, ಹಾಲು ಇನ್ನೂ ಪಾತ್ರೆಯ ತಳದಲ್ಲೇ ಇತ್ತು.