ಸೋಫಾದವನ ಮೂಗು

ಡಾಕ್ಟರಮ್ಮ ಹುಡುಗಿಯ ಮೂಗಿಗೆ ಟಾರ್ಚು ಬಿಟ್ಟು ಇಣುಕಿದವರೇ ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಮುಖಕ್ಕೆ ಮಾಸ್ಕ್ ಇದ್ದರೂ ಕಣ್ಣಲ್ಲಿ ನೀರು ಬಂದಿತ್ತು.

“ಒಳಗೇನೋ ಸಿಕ್ಕಾಕೊಂಡು ಕೊಳೆತೋಗಿದೆ. ಯಾವಾಗಿಂದ ವಾಸ್ನೆ?”

“ಬಹಳ ದಿನ ಆಯ್ತು ಮೇಡಂ,” ಎಂದ ಅಪ್ಪ, ಬಾಗಿಲ ಹತ್ತಿರದಿಂದಲೇ. “ಮನೇಲಿ ಇಲಿ ಸತ್ತಿದೆ ಅಂದ್ಕೊಂಡ್ವಿ.”

ಬರೀ ಅಂದುಕೊಂಡಿದ್ದಲ್ಲ. ಆ ಇಲಿಗಾಗಿ ಅವನು ಮನೆಯನ್ನೇ ತಲೆಕೆಳಗು ಮಾಡಿದ್ದ. ಬೀರು ಸರಿಸಿದ, ಬಚ್ಚಲಿಗೆ ಕುದಿನೀರು ಸುರಿದ, ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋಗಿ ಅವರ ಬೀರುವನ್ನೂ ಸರಿಸಿ ಬಂದ. ಇಲಿ ಸಿಗಲಿಲ್ಲ. ನಾತ ಮಾತ್ರ ಕಾಲು ಬಂದ ಹಾಗೆ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ಗೋಡೆಯ ಹಲ್ಲಿಗಳೂ ಗಂಟುಮೂಟೆ ಕಟ್ಟಿಕೊಂಡು ಎದುರುಮನೆಗೆ ಹೊರಟುಹೋದವು. ನಾತ ಓಡಾಡುವುದು ಮಗಳ ಜೊತೆಯಲ್ಲಿ ಎಂದು ಹೊಳೆದ ಮೇಲೆ ಅಪ್ಪ ಅವಳ ಹಾಸಿಗೆಯನ್ನು ಮೂಲೆಗೆ ಹಾಕಿಸಿದ. ಅವಳು ಮಾತಾಡಿಸಿದರೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದ. ಇವತ್ತು ಬಸ್ಸಿನಲ್ಲೂ ಕಿಟಕಿ ಪೂರ್ತಿ ತೆಗೆದು, ಮೂತಿ ಹೊರಗಿಟ್ಟುಕೊಂಡೇ ಬಂದಿದ್ದ.

ಅವನ ಕಸುಬು ಹಳೇ ಸೋಫಾ ಬಿಚ್ಚಿ ಹೊಸದು ಮಾಡುವುದು. ಅಂಥ ಕಸುಬಿಗೆ ಇಂಥ ಮೂಗು ಇರಬಾರದಿತ್ತು. ಗಿರಾಕಿ ಇನ್ನೂ ರಸ್ತೆ ದಾಟುತ್ತಿರುವಾಗಲೇ, ಅವನು ಬೆಳಿಗ್ಗೆ ತಿಂದದ್ದೇನು ಎಂದು ಅಂಗಡಿಯೊಳಗೆ ಕೂತು ಹೇಳಿಬಿಡುತ್ತಿದ್ದನಂತೆ. ಇನ್ನೊಬ್ಬರು ಕುಡಿದ ಲೋಟ ಮುಟ್ಟುವವನಲ್ಲ. ಎಂಜಲು ಎಂದರೆ ಮೈಯೆಲ್ಲ ಮುಳ್ಳು. ಕಡ್ಡಿಯ ಹಾಗಿದ್ದ ಮಗಳನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಅವಳು ಅರ್ಧ ಕಚ್ಚಿದ ಬಿಸ್ಕತ್ತು ಚಾಚಿದರೆ ಅಪ್ಪನಿಗೆ ಯಾವಾಗಲೂ ಹೊಟ್ಟೆ ತುಂಬಿರುತ್ತಿತ್ತು.

ನರ್ಸು ತಟ್ಟೆಯಲ್ಲಿ ಉದ್ದನೆಯ ಇಕ್ಕಳ ತಂದಿಟ್ಟಳು. ನೋಡಿದ್ದೇ ತಡ, ಕಡ್ಡಿ ಆಸ್ಪತ್ರೆಯ ಗಾಜೆಲ್ಲ ಒಡೆಯುವ ಹಾಗೆ ಕಿರುಚಿ ಮೇಜಿನ ಕೆಳಗೆ ನುಗ್ಗಿದಳು. ಕಾಲು ಹಿಡಿದು ಎಳೆಯಬೇಕಾಯಿತು.

“ಹೀಗೆ ಒದ್ದಾಡಿದ್ರೆ ಅದು ಇನ್ನೂ ಒಳಗೆ ಹೋಗುತ್ತೆ,” ಎಂದರು ಡಾಕ್ಟರಮ್ಮ. “ಆಮೇಲೆ ಮತ್ತಿನ ಔಷಧಿ ಕೊಟ್ಟು ಮಲಗಿಸಿ ತೆಗೀಬೇಕು. ಅದಕ್ಕೆ ಮೊದ್ಲು ಒಂದು ಉಪಾಯ ಇದೆ. ನೀವು ಅವಳ ಬಾಯಿಗೆ ಬಾಯಿ ಇಟ್ಟು ಜೋರಾಗಿ ಊದಿ. ಚೆನ್ನಾಗಿರೋ ಹೊಳ್ಳೆ ನಾನು ಒತ್ತಿ ಹಿಡೀತೀನಿ. ಗಾಳಿ ಇನ್ನೊಂದು ಹೊಳ್ಳೇಲಿ ನುಗ್ಗಿ ಅದನ್ನ ಆಚೆ ತಳ್ಳುತ್ತೆ.”

“ನಾನಾ?”

“ಅಪ್ಪ ನೀವು ತಾನೆ?”

“ಪಂಪು ಗಿಂಪು ಏನೂ ಇಲ್ವಾ ಮೇಡಂ?”

ನರ್ಸು ಕಿಸಕ್ಕನೆ ನಕ್ಕಳು. ಅಪ್ಪ ಜೇಬಿಂದ ಕರ್ಚೀಫು ತೆಗೆದ, ನಾಲ್ಕು ಮಡಿಕೆ ಮಾಡಿದ, ಮಗಳ ಬಾಯಿಯ ಮೇಲೆ ಹಾಸಿದ, ಮೇಲಿಂದ ಊದಿದ. ಗಾಳಿಯೆಲ್ಲ ಕೆನ್ನೆಯ ಪಕ್ಕದಿಂದ ಪುಸ್ಸೆಂದು ಹೋಯಿತು.

“ಏನಣ್ಣಾ, ಹಾಲು ಆರಿಸ್ತಿದ್ದೀರಾ?” ಎಂದಳು ನರ್ಸು.

“ಆ ಬಟ್ಟೆ ತೆಗೀರಿ ಮೊದ್ಲು,” ಡಾಕ್ಟರಮ್ಮ ಗದರಿದರು.

ತೆಗೆದ. ಈಗ ಕಡ್ಡಿಯೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಇಕ್ಕಳ ಆಚೆ ಇಟ್ರು ನೋಡಮ್ಮ. ಇನ್ನೇನು ಭಯ? ಕೈ ತೆಗಿ,” ಎಂದ ಅಪ್ಪ.

ಬೆರಳ ಸಂದಿಯಿಂದ ಮಾತು ಬಂತು. “ನಿಂಗೆ ವಾಸ್ನೆ ಬರುತ್ತೆ. ಥೂ ಅಂತೀಯ.”

ಡಾಕ್ಟರಮ್ಮ ಕೈಗವಸು ಎಳೆದುಕೊಳ್ಳುತ್ತ ಗೋಡೆಯ ಕಡೆ ನೋಡಿದರು.

“ಅನ್ನಲ್ಲ,” ಎಂದ ಅಪ್ಪ.

“ನನ್ನಾಣೆಗೂ?”

“ನಿನ್ನಾಣೆಗೂ ಅನ್ನಲ್ಲ ಕಣೆ.”

ಕೈ ಕೆಳಗಿಳಿಯಿತು. ಅಪ್ಪ ಬಗ್ಗಿದ. ಅವನು ಹುಟ್ಟಿದಾಗಿನಿಂದ ಬಿಚ್ಚಿದ ಸೋಫಾಗಳೆಲ್ಲ ಒಟ್ಟಿಗೆ ಆಕಳಿಸಿದ ಹಾಗಿತ್ತು. ಹೊಟ್ಟೆಯೊಳಗಿದ್ದದ್ದು ಗಂಟಲಿಗೆ ಬಂದು ಬಾಗಿಲು ತಟ್ಟಿತು. ಕಣ್ಣು ಮುಚ್ಚೋಣವೆಂದರೆ ಕಡ್ಡಿ ಅವನ ಮುಖವನ್ನೇ ನೋಡುತ್ತಿದ್ದಾಳೆ. ಮುಚ್ಚಲಿಲ್ಲ. ಅಂಟಂಟಾದ, ಸಿಂಬಳವೂ ಕಣ್ಣೀರೂ ಬೆರೆತ ಉಪ್ಪು ತುಟಿಗೆ ಬಾಯಿ ಒತ್ತಿ ಊದಿದ.

ಫಟ್ಟೆಂದು ಏನೋ ಹಾರಿ ಬಂದು ಅವನ ಕೆನ್ನೆಗೆ ಮೆತ್ತಿಕೊಂಡಿತು. ಬೆಚ್ಚಗಿತ್ತು. ಮೆಲ್ಲಗೆ ಗಲ್ಲದ ಕಡೆಗೆ ಜಾರತೊಡಗಿತು.

“ಥೂ!” ಎಂದಳು ನರ್ಸು.

ಕಡ್ಡಿ ಅಪ್ಪನನ್ನೇ ನೋಡಿದಳು. ಅಪ್ಪ ಬಾಯಲ್ಲಿದ್ದದ್ದನ್ನು ಗುಟುಕ್ಕನೆ ನುಂಗಿದ. “ಬಂತಲ್ಲ!” ಎಂದ. “ಏನ್ ಜೋರಾಗಿ ಬಂತು ನೋಡು!”

ಡಾಕ್ಟರಮ್ಮ ಅದನ್ನು ಇಕ್ಕಳದಲ್ಲಿ ಎತ್ತಿ ನೀರಿಗೆ ಅದ್ದಿದರು. ಕಪ್ಪು ಲೋಳೆ ಕರಗಿ ಕರಗಿ ಒಳಗಿಂದ ಗುಲಾಬಿ ಬಣ್ಣ ಕಂಡಿತು. ಸ್ಪಂಜು. ಅಪ್ಪನ ಅಂಗಡಿಯದೇ. ಉಂಡೆ ಕಟ್ಟಿದ ರೀತಿಯೂ ಅವನದೇ.

“ಇದನ್ಯಾಕಮ್ಮ ಮೂಗಿಗೆ ತುರುಕ್ಕೊಂಡೆ?” ಎಂದ ಅಪ್ಪ.

“ನೀನೂ ತುರುಕ್ಕೋತೀಯಲ್ಲ, ಸೋಫಾ ಬಿಚ್ಚೋವಾಗ. ವಾಸ್ನೆ ಬರಬಾರ್ದು ಅಂತ.”

ಅಪ್ಪ ಪಕ್ಕದ ಬಚ್ಚಲಿಗೆ ಹೋದ. ನಲ್ಲಿಯನ್ನು ಪೂರ್ತಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಕರುಳೆಲ್ಲ ಕಿತ್ತು ಬರುವ ಹಾಗೆ ವಾಂತಿ ಮಾಡಿದ. ಬಾಗಿಲಲ್ಲಿ ನಿಂತ ನರ್ಸಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಮುಖ ತೊಳೆದ. ಇನ್ನೊಂದು ಸಲ ತೊಳೆದ. ಅಲ್ಲಿದ್ದ ಸೋಪು ಸವೆದು ಹಪ್ಪಳವಾಯಿತು.

ನಾತ ಪೂರ್ತಿ ಹೋಗಲು ಇನ್ನೂ ಎರಡು ಮೂರು ದಿನ ಬೇಕು ಎಂದಿದ್ದರು ಡಾಕ್ಟರಮ್ಮ. ವಾಪಸು ಬಸ್ಸಿನಲ್ಲಿ ಕಡ್ಡಿ ಅಪ್ಪನ ತೊಡೆಯ ಮೇಲೆ, ಅವನ ಕತ್ತಿಗೆ ತಲೆಯಿಟ್ಟು, ಬಾಯಿ ತೆರೆದು ನಿದ್ದೆ ಹೋದಳು. ಉಸಿರು ನೇರ ಅವನ ಮೂಗಿಗೇ ಬರುತ್ತಿತ್ತು.

ಮುಂದಿನ ಸೀಟಿನವನು ಹಿಂತಿರುಗಿ ನೋಡಿದ, ಮೂಗಿಗೆ ಅಂಗೈ ಒತ್ತಿಕೊಂಡ. “ಸ್ವಲ್ಪ ಆ ಕಿಟಕಿ ತೆಗೀರಪ್ಪ, ಏನೋ ಸತ್ತಿರೋ ವಾಸ್ನೆ.”

“ಮಗೂಗೆ ಗಾಳಿ ಹೊಡೆಯುತ್ತೆ,” ಎಂದ ಅಪ್ಪ. ಒಂದು ಬೆರಳಷ್ಟು ತೆರೆದಿದ್ದ ಗಾಜನ್ನು ಎಳೆದು ಮುಚ್ಚಿದ.