ಗೋಡೆಯ ಮೇಲೆ ರಾಣಿ ಬಣ್ಣ

"ಬಸ್ ಡಿಪೋದಿಂದ ಫೋನ್ ಬಂದಿತ್ತವಾ. ಐತವಾರ ಮುಂಜಾನೆ ಗ್ವಾಡಿ ನೋಡಾಕ ಬರ್ತಾರಂತ" ಎಂದು ಹೇಳಿ ಬಸಂತರಾಯ ಮಾಸ್ತರರು ಫೋನ್ ಇಟ್ಟೇಬಿಟ್ಟರು. ಯಾರು, ಯಾಕೆ ಎಂದು ಕೇಳಲು ಜಾಸ್ಮಿನಳಿಗೆ ಪುರಸೊತ್ತೇ ಸಿಗಲಿಲ್ಲ. ಅವಳಿಗೆ ಅಂಜಿಕೆ ಹತ್ತಿತು.

ಅಂಜದೆ ಏನು ಮಾಡಿಯಾಳು? ಮಸೂತಿ ಊರಿನ ರಸ್ತೆ ಬದಿಗಿರುವ ಶಾಲೆಯ ಗೋಡೆಗೆ ಚಿತ್ರ ಬರೆದವಳು ಅವಳೇ. "ದುಡಿಯೋ ಹೆಣಮಗಳ ಚಿತ್ರ ತಗಿಯವಾ, ಸಾಲಿ ಹುಡುಗ್ಯಾರು ನೋಡಲಿ" ಎಂದಿದ್ದರು ಮಾಸ್ತರರು. ಬೇರೆ ಯಾರಾದರೂ ಆಗಿದ್ದರೆ ಒಬ್ಬ ಡಾಕ್ಟರಮ್ಮನನ್ನೋ ಪೊಲೀಸಮ್ಮನನ್ನೋ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಈ ಹುಡುಗಿಯ ಕಣ್ಣಲ್ಲಿ ತುಂಬಿಕೊಂಡಿದ್ದವಳು ಒಬ್ಬಳೇ, ಬಾಗೇವಾಡಿ ಬಸ್ಸಿನ ಕಂಡಕ್ಟರು ವಿಜಯಲಕ್ಷ್ಮಿ.

ಜಾಸ್ಮಿನ ದಿನಾ ಕಾಲೇಜಿಗೆ ಹೋಗುತ್ತಿದ್ದದ್ದು ಅವಳ ಬಸ್ಸಿನಲ್ಲಿ. ಮೈಮೇಲೆ ಖಾಕಿ ಕೋಟು ಇರಬೇಕು, ಇತ್ತು ಕೂಡ, ಆದರೆ ಅದಕ್ಕೆ ಗುಂಡಿ ಹಾಕಿದ್ದನ್ನು ಕಂಡವರಿಲ್ಲ. ಒಳಗೆ ಕಣ್ಣು ಕುಕ್ಕುವ ಗುಲಾಬಿಯ ರಾಣಿ ಬಣ್ಣದ ಸೀರೆ, ಅದಕ್ಕೆ ಗಿಳಿಹಸಿರು ಕುಪ್ಪಸ. ಮೊಣಕೈತನಕ ಹಳದಿ ಬಳೆ, ಜಡೆಗೆ ಅಂಗೈಯಗಲದ ಸೇವಂತಿಗೆ, ಕಣ್ಣಿಗೆ ನೇರಳೆ ಚಸ್ಮಾ ಬೇರೆ! ಮೈಬಣ್ಣವೋ ಅಪ್ಪಟ ಕರಿ ಎರೆಮಣ್ಣಿನದು. ಬೋರ್ಡು ಓದಲು ಬಾರದ ಮುದುಕಿಯರು ಅವಳ ಸೀರೆ ಗುರುತು ಹಿಡಿದೇ ಬಸ್ಸು ಹತ್ತುತ್ತಿದ್ದರು. ಜಾಸ್ಮಿನಳಿಗೆ ಚಿತ್ರದ ಹುಚ್ಚು ಹಿಡಿದದ್ದೂ ಅವಳನ್ನು ನೋಡಿಯೇ.

"ಅಕ್ಕಾರ, ಗ್ವಾಡಿ ಮ್ಯಾಲ ನಿಮ್ಮನ್ನ ತಗೀಲೇನ್ರಿ?" ಎಂದು ಕೇಳಿದಾಗ ವಿಜಯಲಕ್ಷ್ಮಿ ಬಸ್ಸೆಲ್ಲ ಕೇಳುವಂತೆ ನಕ್ಕಿದ್ದಳು. "ತಗಿ ತಂಗಿ. ಬಣ್ಣಕ್ಕ ಮಾತ್ರ ಜಿಪುಣತನ ಮಾಡಬ್ಯಾಡ ಮತ್ತ."

ಮಾಡಲಿಲ್ಲ. ಆಳೆತ್ತರದ ಚಿತ್ರ, ಮೈಬಣ್ಣ ಇದ್ದ ಹಾಗೆ ಕಪ್ಪು, ಸೀರೆ ಇದ್ದ ಹಾಗೆ ರಾಣಿ. ಊರವರು ನಿಂತು ನೋಡಿದರು, ಹೊಗಳಿದರು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಬಾಗೇವಾಡಿಯ ಮೊಬೈಲ್ ಅಂಗಡಿಯ ಸಂಗಮೇಶ ಅದರ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಬಿಟ್ಟ. ಕೆಳಗೆ ಒಬ್ಬ ಬರೆದ, "ಯೂನಿಫಾರ್ಮ್ ಎಲ್ಲೈತಿ? ಇದೇನ್ ಡ್ಯೂಟಿನೋ ಫ್ಯಾಶನ್ ಶೋನೋ?" ಇನ್ನೊಬ್ಬ ಬರೆದ, "ಡಿಪೋ ಸಾಹೇಬ್ರಿಗೆ ಕಳಸ್ರಿ ಇದನ್ನ." ಮಾಡಲು ಕೆಲಸವಿಲ್ಲದ ಮಂದಿಗೆ ಇಂಥದ್ದೊಂದು ಸಿಕ್ಕರೆ ಹಬ್ಬ.

ಮರುದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರು. ಅದರ ಮರುದಿನವೂ ಅವನೇ. "ಅಕ್ಕಾರ ಎಲ್ಲಿ ಅದಾರ್ರಿ?" ಎಂದರೆ ಡ್ರೈವರು ತಿರುಗಿಯೂ ನೋಡದೆ, "ರಜಾ ಮ್ಯಾಲ ಅದಾಳವಾ" ಎಂದ. ರಜೆಯೋ, ಮನೆಗೆ ಕಳಿಸಿದರೋ? ಈಗ ನೋಡಿದರೆ ಮಾಸ್ತರರ ಫೋನು. ಸಾಹೇಬರೇ ಬರುತ್ತಾರೆ, ಗೋಡೆಯ ಫೋಟೋ ಹೊಡೆದುಕೊಳ್ಳುತ್ತಾರೆ, ಅಕ್ಕನ ಹೊಟ್ಟೆಯ ಮೇಲೆ ಹೊಡೆಯುತ್ತಾರೆ. ಹೊಡೆಯಲು ಕೋಲು ಕೊಟ್ಟವಳು ತಾನು.

ಅಂಗಡಿಗಳ ಬೋರ್ಡು ಬರೆಯುವ ಅವಳಪ್ಪ ಮುಕ್ತಾರ ಸಮಾಧಾನ ಹೇಳಿ ನೋಡಿದ. "ಇದ್ದದ್ದ ಬರದೀದಿ. ಯಾಕ ಅಂಜತಿ?"

"ಇದ್ದದ್ದ ಬರದಿದ್ದಕ್ಕ ಅಂಜಿಕಿ ಅಬ್ಬಾ" ಎಂದಳು. ಉಣ್ಣುವ ತಟ್ಟೆ ಸರಿಸಿ ಎದ್ದಳು.

ಐತವಾರ ಬೆಳಕು ಹರಿಯುತ್ತಲೇ ಅಪ್ಪನ ಖಾಕಿ ಬಣ್ಣದ ಡಬ್ಬಿ, ಬ್ರಷ್ಷು, ಸೀಮೆಎಣ್ಣೆ ಬಾಟಲಿ ಹಿಡಿದುಕೊಂಡು ಶಾಲೆಯ ಗೋಡೆಗೆ ಓಡಿದಳು. ಮೊದಲು ಸೀರೆ ಮುಚ್ಚಿದಳು. ರಾಣಿ ಬಣ್ಣ ಸುಮ್ಮನೆ ಮುಚ್ಚಿಕೊಳ್ಳುವ ಜಾತಿಯದಲ್ಲ, ಮತ್ತೆ ಮತ್ತೆ ಇಣುಕಿತು, ದಪ್ಪಗೆ ಬಳಿದಳು. ಕುಪ್ಪಸ ಹೋಯಿತು, ಬಳೆ ಹೋದವು, ಚಸ್ಮಾ ಹೋಯಿತು. ರಸ್ತೆಯಲ್ಲಿ ಮೋಟಾರ್ ಸೈಕಲ್ಲು ಗುಡುಗಿದರೂ ಬಳಿಯುವುದನ್ನು ಬಿಟ್ಟು ಕಿವಿಗೊಡುತ್ತಿದ್ದಳು. ಸೇವಂತಿಗೆಯ ಮೇಲೆ ಬ್ರಷ್ ಇಡುವಾಗ ಅಳು ತಡೆಯಲಿಲ್ಲ. "ತಪ್ಪಾತ್ರಿ ಅಕ್ಕಾರ" ಎನ್ನುತ್ತಲೇ ಅದನ್ನೂ ಅಳಿಸಿದಳು. ಗೋಡೆಯ ಮೇಲೆ ಈಗ ಕುತ್ತಿಗೆತನಕ ಗುಂಡಿ ಹಾಕಿಕೊಂಡ ಯಾರೋ ಒಬ್ಬ ಹೆಂಗಸು ನಿಂತಿದ್ದಳು.

ಹಿಂದೆ ಗಾಡಿ ನಿಂತ ಸದ್ದಾಯಿತು. ಬಂದರು! ಜಾಸ್ಮಿನಳಿಗೆ ತಿರುಗುವ ಧೈರ್ಯವಾಗಲಿಲ್ಲ.

"ಏ ಜಾಸ್ಮಿನ! ನಮ್ಮವ್ವನ್ನ ಕರಕೊಂಡ ಬಂದೇನಿ ನೋಡ!"

ಟಂಟಂ ಆಟೋದಿಂದ ಇಳಿದವಳು ವಿಜಯಲಕ್ಷ್ಮಿ. ಅದೇ ರಾಣಿ ಸೀರೆ, ಅದೇ ಚಸ್ಮಾ. ಬೂದು ಸೀರೆಯುಟ್ಟ ಮುದುಕಿಯೊಬ್ಬಳ ಕೈ ಹಿಡಿದಿದ್ದಳು. "ಎರಡ ದಿನ ರಜಾ ಹಾಕಿ ನಮ್ಮೂರು ಯಂಕಂಚಿಗೆ ಹೋಗಿದ್ದೆ, ಇಕಿನ್ನ ಕರಿಯಾಕ. ಮಾಸ್ತರಿಗೆ ಡಿಪೋದಿಂದನ ಫೋನ್ ಮಾಡಸಿದ್ದೆ, ಹೇಳಲಿಲ್ಲೇನ?"

ಆಮೇಲೆ ಗೋಡೆ ನೋಡಿದಳು. ಹಿಡಿದಿದ್ದ ಅವ್ವನ ಕೈ ಬಿಟ್ಟಳು.

"ಅಕ್ಕಾರ, ನಿಮ್ಮ ನೌಕರಿ..." ಜಾಸ್ಮಿನ ತೊದಲಿದಳು. "ಮಂದಿ ಹಂಗೆಲ್ಲ ಬರದಿದ್ರು, ಸಾಹೇಬ್ರು ಬರ್ತಾರ ಅಂತ ತಿಳದು..."

"ನನ್ನ ನೌಕರಿಗೇನಾಗೈತಿ? ಗುಂಡಿ ಹಾಕ್ಕೋ ಅಂದ್ರು ಸಾಹೇಬ್ರು. ಹಾಕ್ಕೋತೇನ್ರಿ ಅಂದೆ. ಮುಗೀತು." ವಿಜಯಲಕ್ಷ್ಮಿ ಚಸ್ಮಾ ತೆಗೆದಳು. "ಕರಿ ಹುಡುಗಿ ಬಣ್ಣದ್ದು ಉಟ್ರ ಮಂದಿ ನಗ್ತಾರಂತ ನಮ್ಮವ್ವ ಸಣ್ಣಂದಿನಿಂದ ನನಗ ಬೂದಿ ಬಣ್ಣನ ಹಾಕಿದ್ಲು. ದುಡಿಯಾಕ ಹತ್ತಿದ ಮ್ಯಾಲ ನಾನ ಇದನ್ನೆಲ್ಲ ಉಟ್ಟೆ. ಅವತ್ತಿಂದ ನೆಟ್ಟಗ ಮಾತಾಡಿದ್ದಿಲ್ಲ ಇಕಿ. ಮೊನ್ನೆ ವಿಡಿಯೋ ನೋಡಿ ಫೋನ್ ಹಚ್ಚಿ, ಚಂದ ಕಾಣ್ತಿ ಅಂದ್ಲು. ಹುಟ್ಟಿದಾಗಿಂದ ಒಮ್ಮಿನೂ ಅಂದಿದ್ದಿಲ್ಲ, ತಂಗಿ. ಕಣ್ಣಿಲೆ ನೋಡಬೇಕಂತ ಹಟಾ ಹಿಡಿದ್ಲು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬೈಯಲಿಲ್ಲ. ಜಾಸ್ಮಿನಳಿಗೆ ಇಷ್ಟು ಹೊತ್ತಿನ ಅಂಜಿಕೆಯೆಲ್ಲ ಏನೂ ಅಲ್ಲ ಅನಿಸಿತು. ನೆಲ ಬಾಯಿಬಿಟ್ಟರೆ ಸಾಕಿತ್ತು.

ಮುದುಕಿ ಸಿದ್ದಲಿಂಗವ್ವ ಒಬ್ಬಳೇ ಗೋಡೆಯ ಹತ್ತಿರ ಹೋದಳು. ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದಳು. ಅಂಗೈ ಊರಿದಳು. ಹಸಿ ಖಾಕಿ ಕೈಗೆ ಮೆತ್ತಿಕೊಂಡಿತು.

"ಎಲ್ಲಿ ಹೋತವಾ ಆ ಸೀರಿ?"

"ನಾನ ಮುಚ್ಚೇನ್ರಿ, ಅವ್ವಾರ. ಅಂಜಿ ಮುಚ್ಚಿದೆ."

ಸಿದ್ದಲಿಂಗವ್ವ ಕೈಗೆ ಹತ್ತಿದ ಬಣ್ಣವನ್ನು ನೋಡಿದಳು.

"ನಾನೂ ಅಂಜೇ ಮುಚ್ಚಿದ್ದೆ" ಎಂದಳು.

ಸೆರಗು ಎಳೆದು ಮುದ್ದೆ ಮಾಡಿಕೊಂಡು ಗೋಡೆ ತಿಕ್ಕತೊಡಗಿದಳು.

"ಎವ್ವಾ, ಸೀರಿ ಹೊಲಸ ಆಕ್ಕೈತಿ!"

"ಆಗಲಿ ಬಿಡ."

ಜಾಸ್ಮಿನ ಓಡಿಹೋಗಿ ಸೀಮೆಎಣ್ಣೆಯ ಬಾಟಲಿ ತಂದು ಆ ಸೆರಗಿನ ಮೇಲೆ ಸುರಿದಳು. ತಿಕ್ಕಿದ ಜಾಗದಲ್ಲಿ ಮೊದಲು ಬೆರಳಗಲ, ಆಮೇಲೆ ಅಂಗೈಯಗಲ ರಾಣಿ ಬಣ್ಣ ಕಂಡಿತು. ಮುದುಕಿ ಕೈ ನಿಲ್ಲಿಸಲಿಲ್ಲ.