ಹುರ್ಮಿ ನೆಟ್ಟ ಗೂಟ

“ಬಳೆ ಆಚೆ ಎಳ್ಕೊಳ್ಳೇ ಲೌಡಿ! ಸಾಹೇಬ್ರು ಕುಡಿಯೋ ಚಾ ಅದು!”

ಕಾರಭಾರಿ ಮಿಠಲ್ ಒದರಿದ ರಭಸಕ್ಕೆ ಹುರ್ಮಿ ಕೈ ಹಿಂದೆಳೆದುಕೊಂಡಳು. ಅವಳ ತೋಳು ಪಾತ್ರೆಗೆ ತಾಗಿರಲಿಲ್ಲ. ಉರಿ ಆರುತ್ತಿದೆಯೆಂದು ಜಾಲಿ ಕಡ್ಡಿಯೊಂದನ್ನು ಒಳಗೆ ತಳ್ಳಲು ಬಗ್ಗಿದ್ದಳು, ಅಷ್ಟೆ. ಮಣಿಕಟ್ಟಿನಿಂದ ಭುಜದವರೆಗೆ ಏರಿದ್ದ ಬಿಳಿ ಬಳೆಗಳು ಗಲಗಲ ಎಂದು ಸುಮ್ಮನಾದವು.

ಅವತ್ತಿಗೆ ನಾಲ್ಕು ದಿನ. ಸಿಂಧೂ ನದಿ ಯಾವುದೋ ಕಾಲದಲ್ಲಿ ಬಿಟ್ಟುಹೋದ ಒಣ ಪಾತ್ರದ ಗುಂಟ ನಡೆದದ್ದೇ ನಡೆದದ್ದು. ನಗರದಿಂದ ಬಂದ ಅರ್ಸಲಾನ್ ಸಾಹೇಬರಿಗೆ ಸಾವಿರಾರು ವರ್ಷಗಳ ಹಿಂದಿನ ಊರು ಸಿಗಬೇಕಿತ್ತು. ಹುಡುಕಲು ಆ ಸೀಮೆಯ ಜಮೀನ್ದಾರ, ವಡೇರೊ ಬಾದಲ್ ಖಾನ್, ತನ್ನ ಜಮೀನಿನಲ್ಲಿ ದುಡಿಯುವ ಕೊಳ್ಹಿ ಕುಲದವರಲ್ಲಿ ಹುರ್ಮಿಯೂ ಸೇರಿ ಆರು ಮಂದಿಯನ್ನು ಬಿಟ್ಟಿ ಕಳಿಸಿದ್ದ. ಹತ್ತು ಹೆಜ್ಜೆಗೊಬ್ಬರಂತೆ ಸಾಲಾಗಿ ನಡೆಯಬೇಕು. ಕಣ್ಣು ನೆಲದ ಮೇಲಿರಬೇಕು. ಮಡಕೆಯ ಚೂರು ಕಂಡರೆ ಕೂಗಬೇಕು.

ಹುರ್ಮಿಯ ಕಣ್ಣು ಚುರುಕು. ಮೂರನೆಯ ದಿನ ಶಂಖದ ಬಳೆಯ ತುಂಡೊಂದನ್ನು ಹೆಕ್ಕಿ ಕೊಟ್ಟಿದ್ದಳು. ಸಾಹೇಬರು ಅದನ್ನು ಅಂಗೈಯಲ್ಲಿಟ್ಟು ಊದಿ, ಹತ್ತಿಯಲ್ಲಿ ಸುತ್ತಿ, “ನಾಲ್ಕು ಸಾವಿರ ವರ್ಷ! ಎಂಥ ಹೆಣ್ಣು ತೊಟ್ಟಿದ್ದಳೋ ಏನೋ!” ಎಂದಿದ್ದರು. ಅವರ ಕಣ್ಣು ಒದ್ದೆಯಾದದ್ದನ್ನು ಹುರ್ಮಿ ನೋಡಿದ್ದಳು. ಆಮೇಲೆ ಅವಳು ನೀರು ಕೇಳಿದಾಗ, “ಲೋಟ ಕೊಡಬೇಡ, ಬೊಗಸೆಗೆ ಎತ್ತಿ ಹುಯ್ಯಿ” ಎಂದು ಡ್ರೈವರಿಗೆ ಹೇಳಿದವರೂ ಅವರೇ.

ನಾಲ್ಕನೆಯ ದಿನ ಮಧ್ಯಾಹ್ನ ಚಹಾ ಮುಗಿಸಿ ಸಾಹೇಬರು ನಿಟ್ಟುಸಿರುಬಿಟ್ಟರು. “ಬರೀ ಚೂರು ಸಿಕ್ತಿದೆ. ದಿಬ್ಬ ಎಲ್ಲಿ? ಬರಿಗೈಲಿ ಹೋಗಿ ಏನಂತ ವರದಿ ಬರೀಲಿ?”

ಮಿಠಲ್ ಅದಕ್ಕೇ ಕಾದವನಂತೆ ಮುಂದೆ ಬಂದ. “ಸಾಯೀಂ, ಒಂದು ದಿಬ್ಬ ಐತೆ. ಮೇಲ್ಗಡೆ ಈ ಕೊಳ್ಹಿಗಳ ಗುಡಿಸ್ಲು ಅವೆ. ಅದಕ್ಕೇ ತೋರ್ಸಿರ್ಲಿಲ್ಲ.”

ಅವನು ಹೇಳಿದ್ದು ಹುರ್ಮಿಯ ಹಟ್ಟಿಯನ್ನೇ. ಇಪ್ಪತ್ತೆರಡು ಗುಡಿಸಲುಗಳ ಹಟ್ಟಿ. ಹಿಂದಿನ ಮಹಾಪೂರದಲ್ಲಿ ಸುತ್ತಲಿನ ಹೊಲಗದ್ದೆಯೆಲ್ಲ ಸಮುದ್ರವಾದಾಗ ಮುಳುಗದೆ ಉಳಿದದ್ದು ಅದೊಂದೇ ಎತ್ತರ. ವಡೇರೊನ ಎಮ್ಮೆಗಳನ್ನೂ ಆಗ ಅಲ್ಲೇ ಕಟ್ಟಿದ್ದರು. ಕಳೆದ ಸುಗ್ಗಿಯಲ್ಲಿ ಹಟ್ಟಿಯ ಹೆಂಗಸರು ಹುರ್ಮಿಯ ಮಾತು ಕಟ್ಟಿಕೊಂಡು, ಇನ್ನು ಮೇಲೆ ಬಿಟ್ಟಿ ಹತ್ತಿ ಬಿಡಿಸುವುದಿಲ್ಲ ಎಂದು ಕೂತುಬಿಟ್ಟಿದ್ದರು. ವಡೇರೊ ಆಗ ಒಂದು ಬೈಗುಳವನ್ನೂ ಆಡಿರಲಿಲ್ಲ. ಅವನು ಕಾಯುತ್ತಿದ್ದದ್ದು ಇದಕ್ಕೇ ಎಂದು ಈಗ ಅರ್ಥವಾಯಿತು.

ಸಾಹೇಬರು ಹಟ್ಟಿ ಹತ್ತಿದರು. ಬೂಟುಗಾಲಲ್ಲೇ ಅಂಗಳ ದಾಟಿ, ಒಲೆಯ ಬದಿ ಕೆದಕಿದರು. ಕೆಂಪು ಬೋಕಿಗಳು ಎದ್ದವು. “ಇದೇ! ನಾಳೆಯೇ ಗೂಟ ಹೊಡೆದು ಗಡಿ ಗುರುತು ಮಾಡೋಣ. ಬೇಲಿ ಬಿದ್ದಮೇಲೆ ಒಳಗೆ ಯಾರೂ ಇರೋ ಹಾಗಿಲ್ಲ, ಕಾನೂನು.”

“ಏಳ್ತಾರೆ ಬಿಡಿ, ಒಡೇರು ಹೇಳಿದ್ರೆ ಏಳ್ತಾರೆ” ಎಂದ ಮಿಠಲ್.

ಹುರ್ಮಿ ಸೆರಗು ಬಿಗಿದುಕೊಂಡು ಸಾಹೇಬರ ಎದುರು ಬಂದು ನಿಂತಳು. “ಸಾಯೀಂ, ಇಲ್ಲಿರೋದು ಮಣ್ಣಿನ್ ಜತೆ ನಾವ್ ತಂದಾಕಿದ್ ಚೂರು. ಊರಿದ್ದದ್ದು ಇಲ್ಲಲ್ಲ, ಪಾತ್ರ ತಿರುಗ್ತದಲ್ಲ, ಆ ಮೂಲೇಲಿ.”

“ಅಲ್ಲಿ ಮಾವಿನ ತೋಪು ಇದೆಯಲ್ಲಮ್ಮ?”

“ತೋಪಿನ ಕೆಳೀಕೆ. ದಿಬ್ಬ ಕಡಿದು ಮಟ್ಟ ಮಾಡ್ದೋರು ನಾವೇಯ. ನಾನೂ ಮಣ್ಣು ಹೊತ್ತಿವ್ನಿ.”

ಮಿಠಲ್‌ನ ಹೊಡೆತಕ್ಕೆ ಅವಳ ಕೆನ್ನೆ ಉರಿಯಿತು. “ಹಡಬೇ ಮುಂಡೆ, ಒಡೇರ ತೋಪಿನ ಮೇಲೆ ಬಾಯಿ ಬಿಡ್ತೀಯಾ!”

ಸಾಹೇಬರು ನಕಾಶೆ ಬಿಚ್ಚಿ ಅದರೊಳಗೆ ಮುಖ ಇಟ್ಟರು. “ನಿಮ್ಮ ಊರ ಜಗಳ ನನಗೆ ಬೇಡ.”

ಸಂಜೆ ಗಂಡ ವಾಘೂ ಗುಡಿಸಲ ಮುಂದೆ ತಲೆಗೆ ಕೈಹೊತ್ತು ಕೂತ. “ಯಾಕೆ ಬಾಯಿ ಬಿಡಾಕ್ ಹೋದೆ? ಬೇಲಿ ಹಾಕಿದ್ರೆ ಇನ್ನೊಂದ್ ಕಡೆ ಗುಡಿಸ್ಲು ಹಾಕ್ಕೊಳ್ಳಾನ. ಸಿಟ್ಟಿಗೆ ಹಟ್ಟೀನೇ ಸುಟ್ಟಾಕಿದ್ರೆ ಏನ್ ಮಾಡಾನ?”

“ಇನ್ನೊಂದ್ ಕಡೆ ಅಂದ್ರೆ ಎಲ್ಲಿ? ನೀರೊಳೀಕಾ?”

“ನಂಗೊತ್ತಿಲ್ಲ, ಹುರ್ಮಿ.”

“ನಂಗೂ ಗೊತ್ತಿಲ್ಲ” ಎಂದು ಅವಳು ಒಡೆದ ಹಿಮ್ಮಡಿಗೆ ಎಣ್ಣೆ ಒತ್ತಿಕೊಂಡಳು. ಸಿಟ್ಟು ಮಾಡಿಕೊಳ್ಳುವಷ್ಟು ಕಸುವೂ ಮೈಯಲ್ಲಿ ಉಳಿದಿರಲಿಲ್ಲ.

ಬೆಳಗ್ಗೆ ಆರು ಮಂದಿಯೂ ವಡೇರೊನ ಓತಾಕಿಗೆ ಹೋದರು. ಅದು ಅವನು ಅತಿಥಿಗಳನ್ನು ಕೂರಿಸಿಕೊಳ್ಳುವ ದೊಡ್ಡ ಪಡಸಾಲೆ; ಸಾಹೇಬರು ಇಳಿದುಕೊಂಡಿದ್ದದ್ದೂ ಅಲ್ಲೇ. ಅಂಗಳದಲ್ಲಿ ಹೊರಸುಗಳು, ಮೇಲೆ ಹಟ್ಟಿಯ ಹೆಂಗಸರು ಹೊಲಿದುಕೊಟ್ಟ ಬಣ್ಣದ ಕೌದಿಗಳು. ವಡೇರೊ ಮತ್ತು ಸಾಹೇಬರು ಹುರಿದ ಮೀನು ತಿನ್ನುತ್ತಿದ್ದರು. ಕೊಳ್ಹಿಗಳು ಬಾಗಿಲಲ್ಲೇ ನಿಂತರು.

“ಗೂಟದ ಕಟ್ಟು ಹೊತ್ಕೊಳ್ರೋ” ಎಂದ ಮಿಠಲ್.

ವಾಘೂ ಒಂದು ಕಟ್ಟನ್ನು ಹೆಗಲಿಗೇರಿಸಿದ. ಹುರ್ಮಿ ಇನ್ನೊಂದನ್ನು ತಲೆಗೇರಿಸಿಕೊಂಡಳು. ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಬಾಗಿಲ ಕಡೆ ತಿರುಗದೆ, ಅಂಗಳದ ನಟ್ಟನಡುವೆ ಹೋಗಿ ಕಟ್ಟನ್ನು ಧೊಪ್ಪನೆ ಕೆಳಗೆ ಹಾಕಿದಳು. ಒಂದು ಗೂಟ ಎಳೆದು ನೆಲಕ್ಕೆ ಊರಿ, ಕಟ್ಟಿನಲ್ಲೇ ಇದ್ದ ಸುತ್ತಿಗೆಯಲ್ಲಿ ಮೂರು ಪೆಟ್ಟು ಹಾಕಿದಳು.

“ಏಯ್!” ಮಿಠಲ್ ಕೂಗುವಷ್ಟರಲ್ಲಿ ಇನ್ನೊಂದು ಗೂಟ ಹಿಡಿದು ಗೋಡೆಗೆ ಹೋಗಿ, ಅದರ ಕಬ್ಬಿಣದ ಮೊನೆಯಿಂದ ಗಿಲಾವು ಕೆರೆದಳು. ಮಣ್ಣು, ಹೊಟ್ಟು ಹಕ್ಕಳಿಕೆಯಾಗಿ ಉದುರಿದವು. ಒಳಗಿಂದ ಇಟ್ಟಿಗೆ ಇಣುಕಿತು. ಉದ್ದನೆಯದು, ಚಪ್ಪಟೆ, ಬೆಂಕಿಯಲ್ಲಿ ಬೆಂದು ಕೆಂಪಾದದ್ದು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು.

“ನೋಡಿ ಸಾಯೀಂ. ನೀವು ಹುಡುಕ್ತಿದ್ ಊರು ಇಲ್ಲೈತೆ. ಐದ್ ದಿನದಿಂದ ಅದರೊಳೀಕೇ ಮಲಗಿದ್ರಿ.”

ಅರ್ಸಲಾನ್ ಸಾಹೇಬರು ಎಂಜಲು ಕೈಯಲ್ಲೇ ಎದ್ದು ಬಂದರು. ಇಟ್ಟಿಗೆಯ ಮೇಲೆ ಗೇಣು ಹಾಕಿ ಅಳೆದರು, ಮತ್ತೊಮ್ಮೆ ಅಳೆದರು. ಬಳೆಯ ತುಂಡು ನೋಡಿದಾಗಿನಂತೆ ಕಣ್ಣು ಒಂದು ಗಳಿಗೆ ಒದ್ದೆಯಾಯಿತು. ಹಿಂದಿನಿಂದ ವಡೇರೊನ ಮೆತ್ತನೆಯ ದನಿ ಕೇಳಿಸಿತು: “ಮೀನು ಆರ್ತಾ ಇದೆ, ಸಾಹೇಬ್ರೆ.”

ಸಾಹೇಬರು ಕೈ ಕೆಳಗಿಳಿಸಿದರು. “ಇದು... ಹೊಸ ಇಟ್ಟಿಗೆ” ಎಂದರು, ಯಾರ ಮುಖವನ್ನೂ ನೋಡದೆ.

“ಹೊಸದಾ?” ಹುರ್ಮಿಯ ದನಿ ಏರಲಿಲ್ಲ. “ತೋಪಿನ ದಿಬ್ಬದಿಂದ ಈ ತಲೇಲಿ ಹೊತ್ತು ತಂದಿವ್ನಿ. ಆಗ ತುಂಬಿದ್ ಬಸುರಿ. ಆಚೆ ಮೂಲೆ ಗೋಡೆ ಏಳೋ ಹೊತ್ಗೆ ಕೂಸು ಹೊಟ್ಟೇಲೇ ಹೋಯ್ತು. ಹೊಸದಂತೆ.”

ಸಾಹೇಬರು ತಟ್ಟೆಯ ಮುಂದೆ ಹೋಗಿ ಕೂತರು.

“ಗೂಟ ಕಿತ್ಕೊಂಡು ನಡಿಯೇ” ಎಂದ ಮಿಠಲ್. “ಹಟ್ಟಿಗೆ ನಡಿ.”

“ನಡಿಯಕ್ಕಾಗಲ್ಲ.”

“ಏನಂದೆ?”

“ಕಾಲು ಸೋತೈತೆ. ನಡಿದೂ ನಡಿದೂ ಸೋತೈತೆ.”

ಹಾಗೆಂದು ಅವಳು ಹತ್ತಿರದ ಹೊರಸಿನ ಮೇಲೆ, ವಡೇರೊನ ಎದುರಿಗೇ, ಕೌದಿಯ ಮೇಲೆ ಕೂತುಬಿಟ್ಟಳು. ಕೊಳ್ಹಿ ಕುಲದವರು ಯಾರೂ ಯಾವತ್ತೂ ಆ ಅಂಗಳದಲ್ಲಿ ನೆಲ ಬಿಟ್ಟು ಮೇಲೆ ಕೂತದ್ದಿಲ್ಲ. ಹಗ್ಗ ಕಿರ್ರೆಂದಿತು. ವಡೇರೊನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಿಠಲ್ ಬಡಿಗೆ ತರಲು ಒಳಕ್ಕೆ ಓಡಿದ.

ಬಾಗಿಲಲ್ಲಿ ವಾಘೂ ಹೆಗಲ ಮೇಲಿನ ಕಟ್ಟಿನ ಸಮೇತ ನಿಂತೇ ಇದ್ದ. ಹುರ್ಮಿ ಅವನನ್ನು ನೋಡಿದಳು. ನೋಡಿ, ಹೊರಸಿನ ಮೇಲೆ ಒಂದಿಷ್ಟು ಆಚೆ ಸರಿದು ಅವನಿಗೂ ಜಾಗ ಮಾಡಿದಳು.